ಶಿಫಾರಸು ಪತ್ರಕ್ಕೆ ಸಹಿ ಹಾಕುವವರಲ್ಲಿ

ವಿದ್ಯಾರ್ಥಿವೇತನದ ಅರ್ಜಿಗಳ ಕಾಲ ಬಂತೆಂದರೆ ನಮ್ಮ ಕಾಲೇಜುಗಳ ವಿಭಾಗದ ಕೊಠಡಿಗಳ ಮುಂದೆ ಕಡತವನ್ನು ಎದೆಗವಚಿಕೊಂಡು ಸಂಕೋಚದಿಂದ ನಿಂತ ವಿದ್ಯಾರ್ಥಿಗಳ ಸಾಲೊಂದು ಕಾಣಿಸಿಕೊಳ್ಳುತ್ತದೆ, ಶಿಫಾರಸು ಪತ್ರ ಬೇಕೆಂದು ಕೇಳಿದಾಗ ಅವರಲ್ಲಿ ಬಹುಮಂದಿಗೆ ದೊರೆಯುವ ಉತ್ತರವೂ ಒಂದೇ: “ನೀವೇ ಬರೆದುಕೊಂಡು ಬನ್ನಿ, ಸಹಿ ಹಾಕಿಕೊಡುತ್ತೇನೆ.” ಈ ಮಾತಿನಲ್ಲಿ ವಾತ್ಸಲ್ಯವಿಲ್ಲವೆಂದು ನಾನು ಹೇಳಲಾರೆ. ಪಾಠ, ಮೌಲ್ಯಮಾಪನ, ನ್ಯಾಕ್ ಕಡತ ಇವುಗಳ ನಡುವೆ ಬಿಡುವೇ ಕಾಣದ ಅಧ್ಯಾಪಕರು ಕೇಳಿದೊಡನೆ ಸಹಿ ಮಾಡಿಕೊಡುವುದನ್ನೇ ದೊಡ್ಡ ಉಪಕಾರವೆಂದು ಭಾವಿಸಿದರೆ ಅದು ಸಹಜವೇ ಸರಿ.

ಆದರೆ ಆ ಉಪಕಾರದ ಫಲ ಎಲ್ಲರಿಗೂ ಸಮನಾಗಿ ಸಲ್ಲುವುದಿಲ್ಲ. ಪಟ್ಟಣದಲ್ಲಿ ಓದಿ, ಬರೆದುದನ್ನು ತಿದ್ದಿಕೊಡಲು ಮನೆಯಲ್ಲಿ ಅಕ್ಕನನ್ನೋ ಚಿಕ್ಕಪ್ಪನನ್ನೋ ಉಳ್ಳ ಹುಡುಗನು ತನ್ನ ಪ್ರಶಂಸೆಯನ್ನು ತಾನೇ ನಯವಾದ ಇಂಗ್ಲಿಷಿನಲ್ಲಿ ರಚಿಸಿಕೊಂಡು ಬರುತ್ತಾನೆ. ತನ್ನ ಮನೆತನದಲ್ಲೇ ಮೊದಲನೆಯವಳಾಗಿ ಪದವಿ ತರಗತಿಯ ಮೆಟ್ಟಿಲು ಹತ್ತಿದ ಹಳ್ಳಿಯ ಹುಡುಗಿಯಾದರೋ, ಕಳೆದ ವರ್ಷ ಯಾರಿಗೋ ಕೊಟ್ಟ ಪತ್ರವನ್ನು ಹುಡುಕಿ ತಂದು, ಜೆರಾಕ್ಸ್ ಅಂಗಡಿಯಲ್ಲಿ ಟೈಪು ಮಾಡಿಸಿ, ಹೆಸರನ್ನಷ್ಟೇ ಬದಲಿಸಿಕೊಳ್ಳುತ್ತಾಳೆ. ಹೆಸರು ಬದಲಾಗಿಯೂ ಸರ್ವನಾಮ ಬದಲಾಗದೆ, ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಆಕೆ ಪುಲ್ಲಿಂಗಕ್ಕೆ ತಿರುಗಿರುವ ಪತ್ರಗಳು ಪ್ರಾಂಶುಪಾಲರ ದುಂಡು ಮೊಹರನ್ನು ಧರಿಸಿ ಆಯ್ಕೆ ಸಮಿತಿಯ ಮುಂದೆ ಹೋಗಿ ನಿಲ್ಲುವುದುಂಟು. ಈಚೆಗೆ ಪತ್ರವನ್ನು ಯಂತ್ರವೇ ಬರೆದುಕೊಡುವುದರಿಂದ ವ್ಯಾಕರಣದ ಈ ದೋಷ ನಿವಾರಣೆಯಾಗಿದೆ. ಪತ್ರದ ಶೂನ್ಯತೆ ಮಾತ್ರ ಇದ್ದಂತೆಯೇ ಇದೆ.

ಅಭ್ಯರ್ಥಿಯ ಅಂಕಗಳನ್ನು ಅಂಕಪಟ್ಟಿ ಹೇಳುತ್ತದೆ, ಮನೆಯ ವರಮಾನವನ್ನು ತಹಶೀಲ್ದಾರರ ಪ್ರಮಾಣಪತ್ರ ಹೇಳುತ್ತದೆ. ಇವೆರಡೂ ಹೇಳಲಾರದ ಸಂಗತಿಯೊಂದನ್ನು, ಕಣ್ಣಾರೆ ಕಂಡವರು ತಮ್ಮ ಹೊಣೆಯ ಮೇಲೆ ನುಡಿಯಲೆಂದೇ ಸಮಿತಿಯು ಮೂರನೆಯದೊಂದು ಕಾಗದವನ್ನು ಬೇಡುತ್ತದೆ. ಪರಿಶ್ರಮಿ, ವಿನಯಶೀಲೆ, ಪ್ರತಿಭಾವಂತೆ ಎಂಬ ವಿಶೇಷಣಗಳನ್ನು ಸಾಲಾಗಿ ಪೋಣಿಸಿಬಿಟ್ಟರೆ ಆ ಅಗತ್ಯವು ಪೂರೈಸದು, ಏಕೆಂದರೆ ಬಂದ ಪತ್ರಗಳೆಲ್ಲದರಲ್ಲಿಯೂ ಅವೇ ಇರುತ್ತವೆ. ಅದಕ್ಕೆ ಬದಲಾಗಿ, ಟೈಟ್ರೇಷನ್ನಿನ ರೀಡಿಂಗುಗಳು ಪಕ್ಕದವರ ಉತ್ತರಕ್ಕೆ ಹೊಂದದೆ ಹೋದಾಗ, ರೆಕಾರ್ಡಿನಲ್ಲಿ ಅಂಕಿಗಳನ್ನು ತಿದ್ದಿ ಕೈತೊಳೆದುಕೊಳ್ಳದೆ, ಊರಿನ ಕೊನೆಯ ಬಸ್ಸು ತಪ್ಪೀತೆಂಬ ಆತಂಕದಲ್ಲಿಯೂ ಬ್ಯೂರೆಟ್ಟನ್ನು ತೊಳೆದು, ದ್ರಾವಣವನ್ನು ಹೊಸದಾಗಿ ತಯಾರಿಸಿ, ಪ್ರಯೋಗವನ್ನು ಮೊದಲಿನಿಂದ ಮಾಡಿದಳೆಂದು ಅಧ್ಯಾಪಕರು ಎರಡು ಸಾಲು ಬರೆದರೆ ಸಾಕು. ಸಮಿತಿಯವರು ಆ ಹೆಸರಿನ ಬಳಿ ಕ್ಷಣಕಾಲ ನಿಲ್ಲುತ್ತಾರೆ.

ಅಂಕಪಟ್ಟಿಯೊಂದನ್ನೇ ನೋಡಿ ತೀರ್ಮಾನಿಸಿದರೆ ಸಾಲದೆ, ಈ ಪತ್ರಗಳ ಗೊಡವೆಯಾದರೂ ಏಕೆ, ಎಂದು ಕೇಳುವವರಿದ್ದಾರೆ. ಅವರು ಶ್ರೀನಿವಾಸ ರಾಮಾನುಜನ್ ಅವರ ವೃತ್ತಾಂತವನ್ನು ನೆನೆಯಬೇಕು. ಗಣಿತವೊಂದನ್ನುಳಿದು ಮಿಕ್ಕ ವಿಷಯಗಳನ್ನು ಅಲಕ್ಷಿಸಿ, ಎಫ್.ಎ. ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿ, ಪದವಿಯೇ ಇಲ್ಲದೆ, 1912ರಲ್ಲಿ ಮದರಾಸಿನ ಬಂದರು ಕಚೇರಿಯ ಗುಮಾಸ್ತೆಯಾಗಿದ್ದ ಅವರಿಗೆ ಅಂಕಪಟ್ಟಿಯಿಂದ ಆಗಬಹುದಾದ ಸಹಾಯವೇನಿತ್ತು? ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರೂ ಸ್ವತಃ ಗಣಿತಜ್ಞರೂ ಆಗಿದ್ದ ಗಿಲ್ಬರ್ಟ್ ವಾಕರ್ ಅವರು ಮದರಾಸಿಗೆ ಬಂದಿದ್ದಾಗ ರಾಮಾನುಜನ್ನರ ಬರಹವನ್ನು ನೋಡಿ, 1913ರ ಫೆಬ್ರವರಿ 26ರಂದು ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಂದು ಪತ್ರವನ್ನು ಬರೆದರು. ಆ ಕಾರ್ಯದ ಸ್ವೋಪಜ್ಞತೆಯು ಕೇಂಬ್ರಿಜ್ಜಿನ ಕಾಲೇಜೊಂದರ ಗಣಿತದ ಫೆಲೋ ಒಬ್ಬರ ಕಾರ್ಯಕ್ಕೆ ಹೋಲಿಸತಕ್ಕದ್ದೆಂದು ಹೇಳಿದ ಅವರೇ, ಫಲಿತಾಂಶಗಳನ್ನು ಒಪ್ಪಿಕೊಳ್ಳಲು ಬೇಕಾದ ಪೂರ್ಣತೆ, ನಿಖರತೆಗಳು ಅದರಲ್ಲಿ ಇನ್ನೂ ಸಾಲವೆಂದೂ, ಈ ಶಾಖೆಗಳಲ್ಲಿ ತಮಗೆ ವಿಶೇಷ ಪರಿಶ್ರಮವಿಲ್ಲದುದರಿಂದ ಆ ಯುವಕನಿಗೆ ಯೂರೋಪಿನ ಖ್ಯಾತಿ ದೊರೆತೀತೇ ಎಂಬುದನ್ನು ತಾವು ನಿರ್ಣಯಿಸಲಾರೆವೆಂದೂ ಮುಚ್ಚುಮರೆಯಿಲ್ಲದೆ ತಿಳಿಸಿ, ಕೆಲವು ವರ್ಷವಾದರೂ ಜೀವನೋಪಾಯದ ಚಿಂತೆಯಿಲ್ಲದೆ ಅವರು ಗಣಿತದಲ್ಲಿ ತೊಡಗುವಂತೆ ಮಾಡುವುದು ವಿಶ್ವವಿದ್ಯಾನಿಲಯಕ್ಕೆ ಯುಕ್ತವೆಂದು ಸೂಚಿಸಿದರು. ಕೇಂಬ್ರಿಜ್ಜಿನ ಗಣಿತಜ್ಞ ಹಾರ್ಡಿಯವರ ಆಸ್ಥೆಯೂ ಒತ್ತಾಸೆಯಾಗಿ, ಪದವಿಯಿಲ್ಲದ ಗುಮಾಸ್ತೆಗೆ ತಿಂಗಳಿಗೆ 75 ರೂಪಾಯಿಯಂತೆ ಎರಡು ವರ್ಷದ ಸಂಶೋಧನಾ ವೇತನವು ಮಂಜೂರಾಯಿತು. ಕೊರತೆಯನ್ನು ಮುಚ್ಚಿಡದ ಕಾರಣದಿಂದಲೇ ಆ ಪತ್ರದ ಪ್ರಶಂಸೆಗೆ ತೂಕ ಬಂತೆಂಬುದು ನನ್ನ ಅಭಿಪ್ರಾಯ.

ನಮ್ಮಲ್ಲಿ ಇದಕ್ಕೆ ಪ್ರತಿಯಾಗಿ, ಒಂದು ನ್ಯೂನತೆಯನ್ನು ಬರೆದರೆ ಹುಡುಗಿಗೆ ಅನ್ಯಾಯವಾದೀತೆಂಬ ಭೀತಿಯೂ, ಒಲ್ಲೆನೆಂದರೆ ದಾಕ್ಷಿಣ್ಯಕ್ಕೆ ಕುಂದು ಬಂದೀತೆಂಬ ಅಳುಕೂ ಸೇರಿ, ನೂರು ಜನರ ತರಗತಿಯಲ್ಲಿ ಮುಖಪರಿಚಯವೂ ಇಲ್ಲದವರಿಗೆ ಅತ್ಯುತ್ತಮ ವಿದ್ಯಾರ್ಥಿಗಳೆಂಬ ಪತ್ರ ಹೊರಡುತ್ತದೆ. ಹಾಗೆ ಎಲ್ಲರನ್ನೂ ಹೊಗಳುವವರ ಸಹಿಗೆ ಬೆಲೆ ಉಳಿಯುವುದಿಲ್ಲ. ಅದರ ನಷ್ಟವು ನಿಜವಾಗಿಯೂ ಯೋಗ್ಯಳಾದವಳ ಪಾಲಿಗೆ ಬರುತ್ತದೆ. ಕಾಲೇಜುಗಳ ಆಡಳಿತದವರೂ ಈ ಬರವಣಿಗೆಯನ್ನು ಅಧ್ಯಾಪನದ ಅಂಗವೆಂದೇ ಪರಿಗಣಿಸಿ, ಅದಕ್ಕೆ ತಕ್ಕ ಕಾಲಾವಕಾಶವನ್ನು ಒದಗಿಸತಕ್ಕದ್ದು.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ. ಮುಂದಿನ ಸಲ ವಿದ್ಯಾರ್ಥಿನಿಯೊಬ್ಬಳು ಬಂದು ನಿಂತಾಗ, ಅವಳನ್ನು ಎದುರಿಗೆ ಕುಳ್ಳಿರಿಸಿಕೊಂಡು, ಏನು ಓದಿದೆ, ಏನು ಮಾಡಿದೆ, ಎಲ್ಲಿ ತೊಡಕಾಯಿತು ಎಂದು ಕನ್ನಡದಲ್ಲಿಯೇ ಕೇಳಿ, ಅವಳು ಹೇಳಿದುದಕ್ಕೆ ನೀವು ಕಂಡುದನ್ನು ಸೇರಿಸಿ, ಪತ್ರವನ್ನು ನೀವೇ ಬರೆಯಿರಿ. ನೀವು ಅವಳನ್ನು ಬಲ್ಲವರಲ್ಲವಾದರೆ ಹಾಗೆಂದು ಹೇಳಿ, ಬಲ್ಲ ಸಹೋದ್ಯೋಗಿಯ ಬಳಿಗೆ, ಅರ್ಜಿಯ ಕೊನೆಯ ದಿನಾಂಕಕ್ಕೆ ಸಾಕಷ್ಟು ಮೊದಲೇ, ಕಳುಹಿಸಿಕೊಡಿ.