ನಾಲ್ಕೆಕರೆ ಹೊಲಕ್ಕೊಂದು ಕ್ಯಾಮೆರಾ

ನವಲಗುಂದದ ಕಡೆ ನಮ್ಮದು ನಾಲ್ಕೆಕರೆ ಎರೆಹೊಲ. ಸಂಕ್ರಾಂತಿ ಆದಮೇಲೆ ಅದು ಬೇರೆಯವರ ಹೆಸರಿಗೆ ಹೋಗುತ್ತದೆ. ತಂಗಿ ಮದುವೆಯ ಸಾಲ, ಅಪ್ಪನ ಮೊಣಕಾಲು. ನನಗಂತೂ ಲ್ಯಾಪ್‌ಟಾಪ್ ಬಿಟ್ಟರೆ ಬೇರೆ ಒಕ್ಕಲುತನ ಗೊತ್ತಿಲ್ಲ.

ಮಾರೋಕಿಂತ ಮೊದಲು ಫೋಟೊ ತೆಗೀತೇನಿ ಅಂದೆ. "ಮೊಬೈಲ್‌ನ್ಯಾಗ ತೆಗದದ್ದು ಮತ್ತ ಯಾರ ನೋಡ್ತಾರೋ?" ಅಂದ್ರು ಅಪ್ಪ. ನನ್ನ ಫೋನ್‌ನಲ್ಲಿ ಆರು ಸಾವಿರ ಫೋಟೊ ಇವೆ, ಸುಮ್ಮನಾದೆ. ಅಜ್ಜನದು ಇರೋದು ಒಂದೇ ಫೋಟೊ. ಗೋಡೆ ಮೇಲೆ ಇವತ್ತಿಗೂ ಇದೆ.

ಹಂಗಾಗಿ ಹಳೇ ಫಿಲ್ಮ್ ಕ್ಯಾಮೆರಾ ಹುಡುಕಾಟ ಶುರುವಾಯ್ತು. ಇಡೀ ಹೊಲಾನೂ ಬರಬೇಕು, ಒಂದು ಹತ್ತಿ ಹೂವೂ ತುಂಬ ಹತ್ತಿರದಿಂದ ಬರಬೇಕು.

ಮೊದಲನೇದು ಆನ್‌ಲೈನ್‌ನಲ್ಲಿ ಬರೀ ಚಿತ್ರ ನೋಡಿ ತಗೊಂಡು ಕೈ ಸುಟ್ಟುಕೊಂಡೆ. ಟಾರ್ಚ್ ಹಿಡಿದರೆ ಲೆನ್ಸ್ ಒಳಗೆ ಜೇಡರ ಬಲೆಯಂಥ ಫಂಗಸ್. ಧಾರವಾಡದ ಮಳೆಗಾಲದಲ್ಲಿ ಚರ್ಮದ ಕವರ್ ಒಳಗೆ ಮುಚ್ಚಿಟ್ಟರೆ ಇನ್ನೇನಾಗ್ತದ್ರಿ? ದುಡ್ಡು ವಾಪಸ್ ಬರಲಿಲ್ಲ.

ಆಮೇಲೆ ಓದಿಕೊಂಡೆ. ಪೆಂಟಾಕ್ಸ್ ಕೆ1000 ಗಟ್ಟಿಮುಟ್ಟು. 1976ರಿಂದ 1997ರವರೆಗೆ ತಯಾರಾಗಿದ್ದು, ಬ್ಯಾಟರಿ ಬೇಕಾಗೋದು ಬೆಳಕಿನ ಮೀಟರ್‌ಗೆ ಮಾತ್ರ. ಆದರೆ ಎಷ್ಟು ಆಳದವರೆಗೆ ಸ್ಪಷ್ಟ ಬರ್ತದೆ ಅಂತ ಮೊದಲೇ ನೋಡೋ ಸೌಲಭ್ಯ ಅದರಲ್ಲಿಲ್ಲ. ಹೂವಿನ ಫೋಟೊಗೆ ಅದು ಬೇಕೇ ಬೇಕು. ಮಿನೋಲ್ಟಾ ಎಕ್ಸ್-700ರ ಶಟರ್ ಬ್ಯಾಟರಿ ಸತ್ತರೆ ತಾನೂ ಸಾಯ್ತದೆ. ಹೊಲದಾಗ ಬ್ಯಾಟರಿ ಎಲ್ಲಿಂದ ತರೋದು?

ಕೊನೆಗೆ 1982ರಲ್ಲಿ ಬಂದ ನಿಕಾನ್ ಎಫ್‌ಎಂ2ಗೆ ಮನಸ್ಸು ನಿಂತಿತು. ಶಟರ್ ಪೂರ್ತಿ ಯಾಂತ್ರಿಕ. ಸೆಲ್ಫ್ ಟೈಮರ್ ಹಾಕಿದರೆ ಒಳಗಿನ ಕನ್ನಡಿ ಮೊದಲೇ ಮೇಲೇಳ್ತದೆ, ಟ್ರೈಪಾಡ್ ಮೇಲೆ ಅಲುಗಾಟ ಕಡಿಮೆ. ಜೊತೆಗೆ 55 ಎಂಎಂ ಮೈಕ್ರೋ ಲೆನ್ಸ್. ದೂರದ ದಿಗಂತಕ್ಕೂ ಫೋಕಸ್ ಆಗ್ತದೆ, ವಸ್ತುವಿನ ಅರ್ಧ ಅಳತೆಯಷ್ಟು ಹತ್ತಿರಕ್ಕೂ ಬರ್ತದೆ. ಅಂದ್ರೆ 72 ಮಿಲಿಮೀಟರ್ ಅಗಲದ ಜಾಗ 36 ಮಿಲಿಮೀಟರ್ ಫ್ರೇಮ್ ತುಂಬ. ಒಂದೇ ಲೆನ್ಸ್‌ನಲ್ಲಿ ಎರಡೂ ಕೆಲಸ!

ಈ ಸಲ ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡಲಿಲ್ಲ. ಹುಬ್ಬಳ್ಳಿಯಲ್ಲಿ ಹಳೇ ಸ್ಟುಡಿಯೊದವರೊಬ್ಬರು ಕಲಿಸಿಕೊಟ್ಟರು. ಹಿಂದಿನ ಬಾಗಿಲು ತೆಗೆದು ಒಂದು ಸೆಕೆಂಡ್ ಶಟರ್ ಒತ್ತಿ ಕೇಳಿ, ನಡುವೆ ತಡವರಿಸಬಾರದು. ಬಾಗಿಲ ಅಂಚಿನ ಸ್ಪಂಜು ಬೆಲ್ಲದ ಪಾಕದಂತೆ ಅಂಟಿದರೆ ಬೆಳಕು ಸೋರ್ತದೆ, ಆದರೆ ಅದನ್ನು ಬದಲಿಸಬಹುದು. ಈ ಲೆನ್ಸ್‌ನಲ್ಲಿ ಅಪರ್ಚರ್ ಎಲೆಗಳಿಗೆ ಎಣ್ಣೆ ಇಳಿಯೋದು ಸಾಮಾನ್ಯ. ಎಲೆಗಳು ಟಪ್ ಅಂತ ಮುಚ್ಚಬೇಕು, ಎಳೆದಾಡಿದರೆ ಬೇಡ.

ಹೊಲಕ್ಕೆ ಹೋದಾಗ ಗೊತ್ತಾದ ಇನ್ನೊಂದು ಮಾತು: ತೀರಾ ಹತ್ತಿರ ಹೋದರೆ ಫೋಕಸ್ ತೋರಿಸೋ ನಡುವಿನ ವೃತ್ತದ ಅರ್ಧ ಭಾಗ ಕಪ್ಪಾಗ್ತದೆ. ಕ್ಯಾಮೆರಾ ಕೆಟ್ಟಿತು ಅಂತ ಹೆದರಿದ್ದೆ! ಸುತ್ತಲಿನ ಮಂಜುಗಾಜು ನೋಡ್ಕೊಂಡು, ರಿಂಗ್ ತಿರುಗಿಸೋ ಬದಲು ನಾವೇ ಒಂಚೂರು ಹಿಂದೆ ಮುಂದೆ ಆಗಬೇಕು. ಬಯಲಿನ ಗಾಳಿ ಏಳೋದಕ್ಕಿಂತ ಮೊದಲು, ಬೆಳಗಿನ ಹೊತ್ತೇ ಚಲೋ.

ಹತ್ತಿ ಹೂವು ಮೊದಲ ದಿನ ತಿಳಿಹಳದಿ, ಮರುದಿನ ಗುಲಾಬಿ. ಎರಡೂ ಸಿಕ್ಕಿವೆ. ಅಪ್ಪ ಮಾತ್ರ ಬದುವಿನ ಮೇಲೆ ನಿಲ್ಲಲು ಒಪ್ಪಿಲ್ಲ, ಟೋಪಿ ತೊಳಸಬೇಕಂತೆ. ರೋಲ್‌ನ್ಯಾಗ ಇನ್ನ ಹದಿನಾಲ್ಕು ಫ್ರೇಮ್ ಉಳಿದಾವು. ಈ ರವಿವಾರ ಮತ್ತ ಹೊಂಟೇವಿ.