ಮಗಳ ಚೀಲ, ನನ್ನ ಬಚ್ಚಲು

ಹೋದ ವಾರ ಮಾವಿನ ಮಿಡಿಯ ಭರಣಿ ಬಗ್ಗೆ ಬರೆದಾಗ, "ಉಪ್ಪಿನ ವಿಚಾರ ಇನ್ನೂ ಸ್ವಲ್ಪ ಬರೀರಿ" ಅಂತ ಮೂರ್ನಾಲ್ಕು ಜನ ಕೇಳಿದ್ರಿ. ಬರೀತೇನೆ. ಆದ್ರೆ ಈ ಸಲದ್ದು ಹಾಕುವ ಉಪ್ಪಲ್ಲ, ತೆಗೆಯುವ ಉಪ್ಪು.

ನನ್ನ ಮಗಳು ಮುರುಡೇಶ್ವರದಲ್ಲಿ ಸ್ಕೂಬಾ ಡೈವಿಂಗ್ ಕಲಿಸ್ತಾಳೆ. ದಡದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಜನರನ್ನು ಕರ್ಕೊಂಡು ಹೋಗಿ, ನೀರಿನೊಳಗೆ ಮೀನು, ಹವಳ ತೋರಿಸಿ, ಸುರಕ್ಷಿತವಾಗಿ ಮೇಲೆ ತರುವ ಕೆಲಸ. ನಾನೋ, ಹೊನ್ನಾವರದಲ್ಲೇ ಹುಟ್ಟಿ ಬೆಳೆದ್ರೂ ಮೊಣಕಾಲು ಮುಳುಗುವಷ್ಟು ಸಮುದ್ರಕ್ಕೆ ಇಳಿದವಳಲ್ಲ. ಅವಳು ಮೊದಲ ಸಂಬಳ ಕೂಡಿಟ್ಟು ಸ್ವಂತ ಸಾಮಾನು ಕೊಂಡಾಗ ನನಗೆ ಅದರಲ್ಲಿ ಕಂಡದ್ದು ಕಪ್ಪು ರಬ್ಬರು, ನಾಲ್ಕು ಪೈಪು ಅಷ್ಟೇ.

ಎರಡು ವರ್ಷದ ಹಿಂದೆ ದೀಪಾವಳಿಗೆ ಮನೆಗೆ ಬಂದವಳು ಒದ್ದೆ ಚೀಲ ಬಚ್ಚಲ ಬಾಗಿಲಲ್ಲಿ ಇಟ್ಟು ಮಲಗಿಬಿಟ್ಟಳು. ಪಾಪ, ದಣಿದಿದ್ದಾಳೆ ಅಂತ ನಾನು ದೊಡ್ಡ ಟಬ್ಬಿಗೆ ನೀರು ತುಂಬಿ, ಒಂದು ಹಿಡಿ ಬಟ್ಟೆ ಸೋಪಿನ ಪುಡಿ ಹಾಕಿ, ಇದ್ದದ್ದನ್ನೆಲ್ಲ ಮುಳುಗಿಸಿದೆ. ಬಾಯಿಗೆ ಇಟ್ಟುಕೊಳ್ಳುವ ಭಾಗದಲ್ಲಿ ಒಂದು ಗುಂಡಿ ಇತ್ತು. ಅದನ್ನು ಒತ್ತಿ ಒತ್ತಿ ಒಳಗೂ ಚೆನ್ನಾಗಿ ತೊಳೆದೆ. ಎದ್ದು ಬಂದು ನೋಡಿದವಳು ಬೈಯಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕೂತು, "ಆಯೀ, ಈ ಕ್ಯಾಪ್ ಹಾಕಿದ್ಯಾ?" ಅಂತ ಮಾತ್ರ ಕೇಳಿದಳು. ಬೈದಿದ್ರೇ ವಾಸಿ ಇತ್ತು.

ಅದು ರೆಗ್ಯುಲೇಟರ್. ಸಿಲಿಂಡರಿನಲ್ಲಿ ಗಾಳಿ ಸುಮಾರು 200 ಬಾರ್ ಒತ್ತಡದಲ್ಲಿ ತುಂಬಿರುತ್ತದೆ. ಕಾರಿನ ಟಯರಿನಲ್ಲಿ ಇರುವುದು ಎರಡು ಬಾರ್ ಚಿಲ್ಲರೆ, ಲೆಕ್ಕ ಹಾಕಿ. ಸಿಲಿಂಡರಿಗೆ ಕೂರಿಸುವ ಲೋಹದ ಗಡ್ಡೆ ಅದನ್ನು ಮೊದಲು ಸುಮಾರು ಹತ್ತು ಬಾರಿಗೆ ಇಳಿಸುತ್ತದೆ, ಆಮೇಲೆ ಬಾಯಿಯ ಭಾಗ ಉಸಿರಿಗೆ ಬೇಕಾದಷ್ಟೇ ಬಿಡುತ್ತದೆ. ಲೋಹದ ಗಡ್ಡೆಗೆ ಗಾಳಿ ಹೋಗುವ ಬಾಯಿಗೆ ಒಂದು ಚಿಕ್ಕ ಮುಚ್ಚಳ ಇರ್ತದೆ. ನೀರಿಗೆ ಮುಳುಗಿಸುವ ಮೊದಲು ಅದನ್ನು ಒರೆಸಿ ಒಣಗಿಸಿ, ಭದ್ರವಾಗಿ ಹಾಕಬೇಕು. ನಾನು ಹಾಕಿರಲಿಲ್ಲ. ಸಾಲದ್ದಕ್ಕೆ ಗುಂಡಿ ಒತ್ತಿದ್ದೆ. ಗಾಳಿಯ ಒತ್ತಡ ಇಲ್ಲದಾಗ ಆ ಗುಂಡಿ ಒತ್ತಿದ್ರೆ ಒಳಗಿನ ವಾಲ್ವ್ ತೆರೆದು ನೀರು ಪೈಪಿನಲ್ಲಿ ಮೇಲಕ್ಕೆ ಹತ್ತುತ್ತದೆ. ಎರಡೂ ಕಡೆಯಿಂದ ಸೋಪಿನ ನೀರು ಕುಡಿಸಿದ್ದೆ ನಾನು. ಬಿಚ್ಚಿ ಸರ್ವೀಸ್ ಮಾಡಿಸಲು ಕಳಿಸಿದ್ದಾಯ್ತು, ಹಬ್ಬದ ಸೀಸನ್‌ನಲ್ಲಿ ಅವಳು ಬೇರೆಯವರ ಸೆಟ್ಟಿನಲ್ಲಿ ಕೆಲಸ ಮಾಡಿದಳು.

ಆಮೇಲೆ ನಾನೇ ಹಟ ಹಿಡಿದು ಕಲಿತೆ. ನೀರಿನ ಕೆಳಗೆ ಅವಳಿಗೆ ನಾನು ಏನೂ ಮಾಡಲಾರೆ. ಬಚ್ಚಲಲ್ಲಿ ಮಾಡಬಹುದು.

ಮೊದಲ ಪಾಠ, ಒಣಗಲು ಬಿಡಬಾರದು. ಸಮುದ್ರದ ನೀರು ಒಣಗಿದರೆ ಉಪ್ಪು ಹರಳುಗಟ್ಟಿ ವಾಲ್ವ್, ಗುಂಡಿ, ಜಿಪ್ಪಿನ ಸಂದಿಯಲ್ಲಿ ಕೂರುತ್ತದೆ. ಹರಳಾದ ಮೇಲೆ ಸುಮ್ನೆ ನೀರು ಹೊಯ್ದರೆ ಹೋಗೋದಿಲ್ಲ, ಉಗುರು ಬೆಚ್ಚಗಿನ ನೀರಲ್ಲಿ ನೆನೆಸಬೇಕು. ಒಂದು ದಿನ ಜಾಕೆಟ್ ಬಗ್ಗೆ ಹೇಳ್ತಾ ಅವಳು ಒಂದು ಘಟನೆ ಹೇಳಿದಳು. ನೀರಿನಲ್ಲಿ ತೇಲಲು, ಮುಳುಗಲು ಗಾಳಿ ತುಂಬುವ ಜಾಕೆಟ್ ಇರ್ತದಲ್ಲ, ಒಬ್ಬರು ಸ್ವಂತದ್ದು ತಂದಿದ್ರಂತೆ. ಹತ್ತು ಮೀಟರ್ ಕೆಳಗೆ ಗಾಳಿ ತುಂಬುವ ಗುಂಡಿ ಉಪ್ಪು ಕಟ್ಟಿ ಒತ್ತಿದಲ್ಲೇ ಸಿಕ್ಕಿಕೊಂಡು, ಜಾಕೆಟ್ ತನ್ನಷ್ಟಕ್ಕೆ ಉಬ್ಬಲು ಶುರು. ಹಾಗೆ ಸರ್ರನೆ ಮೇಲೆ ಹೋದರೆ, ಅದರಲ್ಲೂ ಉಸಿರು ಹಿಡಿದಿದ್ದರೆ, ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದು. ಇವಳು ಅವರ ಪಟ್ಟಿ ಹಿಡಿದು, ಆ ಗಾಳಿ ಪೈಪು ಕಳಚಿದಳಂತೆ. ಊಟದ ತಟ್ಟೆ ಮುಂದೆ ಕೂತು, ಸಾರು ಕಲಸ್ತಾ ಹೇಳಿದಳು. ನನಗೆ ತುತ್ತು ಇಳಿಯಲಿಲ್ಲ.

ಹಾಗಾಗಿ ಆ ಗುಂಡಿಗಳಿಗೆ ನನ್ನ ಮನೆಯಲ್ಲಿ ವಿಶೇಷ ಉಪಚಾರ. ನೀರೊಳಗೆ ಇಟ್ಟು ಹತ್ತಾರು ಸಲ ಒತ್ತಿ ಬಿಡೋದು. (ಇದನ್ನು ಒತ್ತಬಹುದು, ರೆಗ್ಯುಲೇಟರಿನದ್ದನ್ನು ಒತ್ತಬಾರದು. ಈ ವ್ಯತ್ಯಾಸ ತಲೆಗೆ ಹತ್ತಲು ನನಗೆ ಒಂದು ಸೀಸನ್ ಬೇಕಾಯ್ತು.) ಜಾಕೆಟ್ಟಿನ ಒಳಗೂ ಸಮುದ್ರದ ನೀರು ಹೋಗಿರ್ತದೆ. ಪೈಪಿನ ಬಾಯಿಂದ ಸಿಹಿನೀರು ಹೊಯ್ದು, ಊದಿ, ಮಜ್ಜಿಗೆ ಕಡೆದ ಹಾಗೆ ಅಲುಗಾಡಿಸಿ, ತಲೆಕೆಳಗೆ ಮಾಡಿ ಬಸಿಯಬೇಕು. ಎರಡು ಸಲ. ಆಮೇಲೆ ಅರ್ಧ ಗಾಳಿ ತುಂಬಿಯೇ ತೂಗು ಹಾಕೋದು, ಇಲ್ಲದಿದ್ರೆ ಒಳಗಿನ ಪದರ ಅಂಟಿಕೊಳ್ತದೆ.

ಸಿಹಿನೀರು ಅಂದೆ. ಅದೇ ನಮ್ಮ ಕಷ್ಟ. ಕರಾವಳಿಯಲ್ಲಿ ಏಪ್ರಿಲ್–ಮೇ ಬಂತು ಅಂದ್ರೆ ಎಷ್ಟೋ ಬಾವಿಗಳಿಗೆ ಸವಳು ಏರುತ್ತದೆ. ನಮ್ಮದಕ್ಕೂ. ಉಪ್ಪು ತೆಗೆಯಲು ಉಪ್ಪುನೀರೇ ಹೊಯ್ದರೆ ಏನು ಬಂತು? ಆ ಎರಡು ತಿಂಗಳು ನಳದ ನೀರನ್ನು ಬೆಳಿಗ್ಗೆಯೇ ಹಿಡಿದಿಟ್ಟು, ಮೊದಲು ರೆಗ್ಯುಲೇಟರ್, ಕನ್ನಡಕ, ಆಮೇಲೆ ಜಾಕೆಟ್, ಕೊನೆಗೆ ಅದೇ ನೀರಲ್ಲಿ ವೆಟ್‌ಸೂಟ್, ಕಾಲಿನ ಫಿನ್ನು.

ವೆಟ್‌ಸೂಟ್ ಕೊನೆಗೇ ಇರಬೇಕು. ಯಾಕೆ ಅಂತ ಕೇಳಿದ್ರೆ ಮಗಳು ನಗ್ತಾಳೆ. ತಂಪು ನೀರಿನಲ್ಲಿ ತಾಸುಗಟ್ಟಲೆ ಇದ್ದವರು ಎಲ್ಲಿಗೆ ಹೋಗ್ತಾರೆ, ಹೇಳಿ? ಒಳಹೊರಗು ಮಾಡಿ, ಬೇಬಿ ಶಾಂಪೂ ಒಂದು ಚಮಚ ಹಾಕಿ ತೊಳೀತೇನೆ. ಅದು ನಿಯೋಪ್ರೀನ್, ಸಣ್ಣ ಸಣ್ಣ ಗಾಳಿಗುಳ್ಳೆ ತುಂಬಿದ ರಬ್ಬರು. ವಾಷಿಂಗ್ ಮೆಷಿನ್, ಇಸ್ತ್ರಿ, ಹಿಂಡೋದು ಯಾವುದೂ ಆಗದು. ಬಿಸಿಲೂ ಆಗದು, ಬಿರುಕು ಬಿಡ್ತದೆ. ಎಲ್ಲವನ್ನೂ ಬಿಸಿಲಿಗೆ ಹಾಕಿ ಅಭ್ಯಾಸವಾದ ನನ್ನಂಥವಳಿಗೆ ಜಗಲಿಯ ನೆರಳಲ್ಲಿ ದಪ್ಪ ಹ್ಯಾಂಗರಿಗೆ ಹಾಕಿ ಎರಡು ದಿನ ಕಾಯೋದು ದೊಡ್ಡ ತಪಸ್ಸು. ಪಕ್ಕದ ಮನೆಯವರು ಮೊದಲ ದಿನ ಕತ್ತಲಲ್ಲಿ ಅದನ್ನು ನೋಡಿ, ಯಾರೋ ನೇತಾಡ್ತಿದ್ದಾರೆ ಅಂತ ಕಿರುಚಿದ್ದು ಬೇರೆ ಕಥೆ.

ಕನ್ನಡಕಕ್ಕೆ ಹೊಸತರಲ್ಲಿ ಒಂದು ತೆಳ್ಳಗಿನ ಪೊರೆ ಇರ್ತದೆ, ಬಿಳಿ ಟೂತ್‌ಪೇಸ್ಟಿನಲ್ಲಿ ತಿಕ್ಕಿದ್ರೆ ಹೋಗ್ತದೆ. ಆಮೇಲೂ ಮಂಜು ಕಟ್ಟಬಾರದು ಅಂತ ನೀರಿಗಿಳಿಯುವ ಮುಂಚೆ ಉಗುಳು ಸವರ್ತಾರೆ. ಅಲ್ಲಿ ಇಲ್ಲಿ ಉಗುಳಬಾರದು ಅಂತ ಬೆಳೆಸಿದವಳು ನಾನು!

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಕೆರಳಿರ್ತದೆ, ನೇತ್ರಾಣಿಗೆ ದೋಣಿ ಇಲ್ಲ. ಸಾಮಾನು ಮನೆಯಲ್ಲೇ. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಹಿಡೀತದೆ, ಇನ್ನು ಕನ್ನಡಕದ ಸಿಲಿಕೋನ್ ಬಿಟ್ಟೀತೇ? ಹದಿನೈದು ದಿನಕ್ಕೊಮ್ಮೆ ತೆಗೆದು ಒರೆಸಿ ಗಾಳಿಗೆ ಇಡ್ತೇನೆ. ಪೈಪುಗಳನ್ನು ಮಡಚದೆ ದೊಡ್ಡ ಸುತ್ತು ಮಾಡಿ ಇಡಬೇಕು, ಫಿನ್ನನ್ನು ತುದಿಯ ಮೇಲೆ ನಿಲ್ಲಿಸಬಾರದು, ಬಾಗಿ ಹೋಗ್ತದೆ. ಬಾಯಿಯ ಭಾಗಕ್ಕೆ ಜಿರಳೆ ಹೋಗದ ಹಾಗೆ ತೆಳು ಬಟ್ಟೆ ಕಟ್ತೇನೆ. ರೆಗ್ಯುಲೇಟರಿನ ಒಳಭಾಗ ಮಾತ್ರ ಮನೆಯಲ್ಲಿ ಬಿಚ್ಚುವಂಥದ್ದಲ್ಲ, ಕಲಿತವರೇ ಮಾಡಬೇಕು. ಅವಳದ್ದು ವರ್ಷಕ್ಕೊಮ್ಮೆ ಮಳೆಗಾಲದಲ್ಲೇ ಹೋಗಿ ಬರ್ತದೆ.

ರಜೆಗೆ ಒಂದು ದಿನದ ಡೈವಿಂಗಿಗೆ ಹೋಗುವವರು ಇದನ್ನೆಲ್ಲ ಮಾಡಬೇಕಿಲ್ಲ. ಆದ್ರೆ ಸಂಜೆ ಹೊತ್ತಿಗೆ ಅಲ್ಲಿ ಒಂದು ಸುತ್ತು ಹಾಕಿ, ತೊಟ್ಟಿಯ ನೀರು ಹೇಗಿದೆ, ಸಾಮಾನು ತೊಳೆದು ನೆರಳಲ್ಲಿ ತೂಗುಹಾಕಿದ್ದಾರೋ ಅಥವಾ ಮೂಲೆಯಲ್ಲಿ ರಾಶಿ ಒಟ್ಟಿದ್ದಾರೋ ನೋಡಿ. ಬಾಯಿಗೆ ಇಟ್ಟುಕೊಳ್ಳುವ ರಬ್ಬರು ಕಚ್ಚಿ ಹರಿದಿದ್ದರೆ ಬೇರೆ ಕೊಡಿ ಅನ್ನಿ. ದೋಣಿಯಲ್ಲಿ ನಾಲ್ಕು ಉಸಿರು ಎಳೆದು, ಆ ಹೊತ್ತಿಗೆ ಮೀಟರಿನ ಮುಳ್ಳು ಕುಣಿಯುತ್ತದೋ ನೋಡಿ. ಕುಣಿದ್ರೆ ಸಿಲಿಂಡರ್ ಪೂರ್ತಿ ತೆರೆದಿಲ್ಲದೆ ಇರಬಹುದು. ಕೇಳೋಕೆ ಸಂಕೋಚ ಬೇಡ.

ನಾಳೆ ಬೆಳಿಗ್ಗೆ ಐದಕ್ಕೆ ಅವಳು ಹೊರಡ್ತಾಳೆ. ಚೀಲ ಜಗಲಿಯಲ್ಲಿದೆ. ಮೂರು ಸಲ ನೋಡಿ ಬಂದೆ, ಕ್ಯಾಪ್ ಹಾಕಿದೆ.