ತುಘಲಕ್ ಪಾತ್ರವನ್ನು ನಾಯಕನಟನೇ ಮಾಡಲಿ

ಸರ್ಕಾರ ಯಾವ ಪಕ್ಷದ್ದೇ ಇರಲಿ, ಎದುರು ಕೂತವರ ಬಾಯಲ್ಲಿ ಒಂದು ಬೈಗುಳ ಸದಾ ಸಿದ್ಧ: 'ಇದು ತುಘಲಕ್ ದರ್ಬಾರ್!' ಇಷ್ಟೊಂದು ಬಾಯಿಪಾಠವಾಗಿರುವ ಈ ಸುಲ್ತಾನ ಯಾರು ಎಂದು ನಮ್ಮ ಹೊಸಪೇಟೆಯ ಕಾಲೇಜು ಹುಡುಗರನ್ನು ಕೇಳಿ ನೋಡಿ. ರಾಜಧಾನಿ ಬದಲಿಸಿದವ, ಬೆಳ್ಳಿಯ ಬದಲು ತಾಮ್ರದ ನಾಣ್ಯ ತಂದವ ಎನ್ನುತ್ತಾರೆ. ಕಂಪ್ಲಿಯ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ಕಂಪ್ಲಿ ನಮಗೆ ಬಸ್ಸಿನಲ್ಲಿ ಹೋಗಿಬರುವಷ್ಟು ದೂರ. ಅಲ್ಲಿನ ಕಂಪಿಲರಾಯನ ಬಳಿ ಮುಹಮ್ಮದ್ ಬಿನ್ ತುಘಲಕ್‌ನ ಸೋದರತ್ತೆಯ ಮಗ ಬಹಾವುದ್ದೀನ್ ಗುರ್ಷಾಸ್ಪ್ ಆಶ್ರಯ ಕೇಳಿ ಬಂದಿದ್ದ. ಅವನು ಸುಲ್ತಾನನ ವಿರುದ್ಧವೇ ದಂಗೆ ಎದ್ದು ಸೋತವನು. ದೆಹಲಿಯ ಸೈನ್ಯ ಬೆನ್ನಟ್ಟಿ ಬಂದರೂ ರಾಯ ಅವನನ್ನು ಒಪ್ಪಿಸಲಿಲ್ಲ. ನಂಬಿ ಬಂದವನನ್ನು ದ್ವಾರಸಮುದ್ರದ ಕಡೆ ಕಳಿಸಿಕೊಟ್ಟು ತಾನು ಹೋರಾಡಿ ಸತ್ತ. ಅರಮನೆಯ ಹೆಣ್ಣುಮಕ್ಕಳು ಬೆಂಕಿಗೆ ಬಿದ್ದರು. ಅದು 1327. ಇದಾದ ಒಂಬತ್ತೇ ವರ್ಷಕ್ಕೆ, 1336ರಲ್ಲಿ, ಹಂಪಿಯಲ್ಲಿ ವಿಜಯನಗರ ಹುಟ್ಟಿತು.

ಈ ಕಥೆಯನ್ನು ಕನ್ನಡ ಸಿನಿಮಾ ಮುಟ್ಟಿದ್ದು ಕಂಪಿಲರಾಯನ ಮಗನ ಮೂಲಕ. 2006ರ 'ಗಂಡುಗಲಿ ಕುಮಾರರಾಮ'ದಲ್ಲಿ ಶಿವರಾಜ್‌ಕುಮಾರ್ ನಾಯಕ, ಎಚ್.ಆರ್. ಭಾರ್ಗವ ನಿರ್ದೇಶಕರು. ಕುಮ್ಮಟದುರ್ಗದಿಂದ ಸಂಡೂರಿನ ಬೆಟ್ಟಗಳವರೆಗೆ ಜನ ಇಂದಿಗೂ ನೆನೆಯುವ ವೀರನನ್ನೇ ನಾಯಕನಾಗಿಸಿದ್ದು ಸಹಜ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನನ್ನದೊಂದು ಆಸೆ ಇದೆ. ಇದೇ ಕಥೆಯನ್ನು ಇನ್ನೊಮ್ಮೆ ತೆರೆಗೆ ತರುವವರು ತುಘಲಕ್ ಪಾತ್ರವನ್ನು ಖಳನಟನಿಗೆ ಕೊಡದೆ, ಕನ್ನಡದ ದೊಡ್ಡ ನಾಯಕನಟನ ಕೈಗೆ ಕೊಡಲಿ.

ಯಾಕೆ ಅಂತೀರಾ? ಅದೇ 2006ರಲ್ಲಿ ಇಂಗ್ಲಿಷಿನಲ್ಲಿ 'ದಿ ಲಾಸ್ಟ್ ಕಿಂಗ್ ಆಫ್ ಸ್ಕಾಟ್ಲೆಂಡ್' ಬಂತು. ಉಗಾಂಡಾದ ಇದಿ ಅಮೀನ್ ಆಗಿ ನಟಿಸಿದ ಫಾರೆಸ್ಟ್ ವಿಟೇಕರ್‌ಗೆ ಅತ್ಯುತ್ತಮ ನಟ ಆಸ್ಕರ್ ಸಿಕ್ಕಿತು. ಆ ಅಮೀನ್ ಮೊದಲು ನಗಿಸುತ್ತಾನೆ. ಹಳ್ಳಿಯ ಜನರೆದುರು ನಿಮ್ಮವನೇ ನಾನು ಎಂಬಂತೆ ಮಾತಾಡುತ್ತಾನೆ, ಕುಣಿಯುತ್ತಾನೆ. ಸ್ಕಾಟ್ಲೆಂಡಿನ ಯುವ ವೈದ್ಯನ ಅಂಗಿಗೆ ತನ್ನ ಸೇನಾಂಗಿಯನ್ನೇ ಬದಲಿ ಕೊಡುತ್ತಾನೆ. ವೈದ್ಯನಂತೆ ನಮಗೂ ಅವನು ಇಷ್ಟವಾಗಿಬಿಡುತ್ತಾನೆ. ಹೆಣಗಳ ಫೋಟೊ ಕಣ್ಣೆದುರು ಬಂದಾಗಲೇ ನಾವು ಇಷ್ಟು ಹೊತ್ತು ಯಾರಿಗೆ ಚಪ್ಪಾಳೆ ತಟ್ಟಿದೆವು ಎಂದು ಎದೆ ಧಸಕ್ಕೆನ್ನುವುದು.

ಇನ್ನೊಂದು ಬಗೆಯ ನಟನೆಯೂ ಇದೆ. 2018ರ 'ಪದ್ಮಾವತ್'ನಲ್ಲಿ ರಣವೀರ್ ಸಿಂಗ್ ಮಾಡಿದ ಅಲ್ಲಾವುದ್ದೀನ್ ಖಿಲ್ಜಿ ನೆನಪಿಸಿಕೊಳ್ಳಿ. ಕಾಡಿಗೆಯ ಕಣ್ಣು, ಕೆದರಿದ ಕೂದಲು, ಮಾಂಸ ಹರಿದು ತಿನ್ನುವ ರೀತಿ. ನಟನ ಶ್ರಮ ದೊಡ್ಡದೇ. ಆದರೆ ಅದನ್ನು ನೋಡಿ ನಾವು ಕಲಿಯುವುದೇನು? ಕ್ರೂರಿ ದೂರದಿಂದಲೇ ಕ್ರೂರಿಯಂತೆ ಕಾಣುತ್ತಾನೆ, ಅವನು ನಮ್ಮವನಲ್ಲ, ಅಷ್ಟೇ. ಮತ ಕೇಳಲು ಬರುವವನು ಹಾಗೆ ಕಾಣುತ್ತಾನೆಯೇ?

ಅಪಾಯ ಇರುವುದು ಇಲ್ಲೇ. ತೆರೆಯ ಮೇಲಿನ ಸರ್ವಾಧಿಕಾರಿಯಲ್ಲಿ ಅವನ ಧರ್ಮವೊಂದೇ ಕಂಡರೆ, ಥಿಯೇಟರಿನಲ್ಲಿ ಹುಟ್ಟಿದ ಸಿಟ್ಟು ಅಧಿಕಾರದ ಮೇಲೆ ತಿರುಗದೆ ಪಕ್ಕದ ಓಣಿಯವರ ಮೇಲೆ ತಿರುಗುತ್ತದೆ. 2025ರ ಫೆಬ್ರುವರಿಯಲ್ಲಿ 'ಛಾವಾ' ಬಂತು. ಔರಂಗಜೇಬನ ಸಮಾಧಿಯ ವಿಚಾರ ಬಿಸಿಯೇರಿ ಮರುತಿಂಗಳೇ ನಾಗಪುರದಲ್ಲಿ ಕರ್ಫ್ಯೂ ಹಾಕಬೇಕಾಯಿತು. ಸಿನಿಮಾ ಒಂದೇ ಅದಕ್ಕೆ ಕಾರಣ ಎನ್ನಲಾರೆ. ಆದರೆ ಮುನ್ನೂರು ವರ್ಷದ ಹಿಂದೆ ಸತ್ತವನ ಲೆಕ್ಕವನ್ನು ಇವತ್ತಿನ ಬೀದಿಯಲ್ಲಿ ಚುಕ್ತಾ ಮಾಡಲು ಹೊರಟವರಲ್ಲಿ ಬಹುಪಾಲು ನಮ್ಮ ವಯಸ್ಸಿನವರೇ ಎಂಬುದನ್ನು ಮರೆಯಬಾರದು.

ಕನ್ನಡಕ್ಕೆ ಬೇರೆ ದಾರಿ ಗೊತ್ತಿಲ್ಲವೆಂದಲ್ಲ. ಗಿರೀಶ ಕಾರ್ನಾಡರು 'ತುಘಲಕ್' ನಾಟಕ ಬರೆದದ್ದು 1964ರಲ್ಲಿ, ಆಗ ಅವರಿಗೆ ಇಪ್ಪತ್ತಾರು. ನಮ್ಮ ಅಣ್ಣಂದಿರ ವಯಸ್ಸು! ಅವರ ತುಘಲಕ್ ಓದಿದವನು, ಚದುರಂಗದ ಜಾಣ, ನ್ಯಾಯದ ಕನಸು ಕಂಡವನು. ದಿನಕ್ಕೆ ಐದು ಹೊತ್ತು ಪ್ರಾರ್ಥನೆ ಮಾಡಲೇಬೇಕೆಂದ ದೊರೆಯೇ ಕಡೆಗೆ ಪ್ರಾರ್ಥನೆಯನ್ನು ನಿಷೇಧಿಸುತ್ತಾನೆ. ಆ ಪಾತ್ರವನ್ನು ರಂಗದ ಮೇಲೆ ಜನಪ್ರಿಯಗೊಳಿಸಿದ ಸಿ.ಆರ್. ಸಿಂಹ ಅವರ ಹೆಸರನ್ನು ಹಿರಿಯರು ಇವತ್ತಿಗೂ ಹೇಳುತ್ತಾರೆ. ರಂಗಭೂಮಿ ಮಾಡಿದ ಕೆಲಸವನ್ನು ಸಿನಿಮಾ ಯಾಕೆ ಮಾಡಬಾರದು?

'ಸ್ಟಾರ್ ನಟ ಮಾಡಿದರೆ ಅಭಿಮಾನಿಗಳು ಶಿಳ್ಳೆ ಹೊಡೆದು ಸರ್ವಾಧಿಕಾರಿಯನ್ನೇ ಹೀರೊ ಮಾಡಿಬಿಡುತ್ತಾರೆ' ಎಂಬ ಭಯ ಕೆಲವರಿಗಿದೆ. ಸುಳ್ಳಲ್ಲ, ಖಿಲ್ಜಿಯ ಹಾಡಿಗೆ ಕುಣಿದವರು ನಮ್ಮಲ್ಲೂ ಇದ್ದಾರೆ. ಆದರೆ 1983ರ 'ಭಕ್ತ ಪ್ರಹ್ಲಾದ'ದಲ್ಲಿ ಡಾ. ರಾಜ್‌ಕುಮಾರ್ ಹಿರಣ್ಯಕಶಿಪುವಾಗಿ ಅಬ್ಬರಿಸಿದರು. ಜನ ಆ ಅಬ್ಬರವನ್ನು ಮನಸಾರೆ ಮೆಚ್ಚಿದರು, ಹಾಗೆಂದು ಹಿರಣ್ಯಕಶಿಪುವೇ ಸರಿ ಎಂದವರಿಲ್ಲ. ಎದುರಿಗೆ ಪುಟ್ಟ ಪ್ರಹ್ಲಾದನಾಗಿ ಪುನೀತ್ ನಿಂತಿದ್ದರಲ್ಲ! ಗುಟ್ಟು ಅಷ್ಟೇ: ನೊಂದವರ ಮುಖ ತೆರೆಯಿಂದ ಮರೆಯಾಗಬಾರದು. ಪುರಾಣದಲ್ಲಿ ಸಾಧ್ಯವಾದದ್ದು ಇತಿಹಾಸದಲ್ಲೂ ಸಾಧ್ಯ.

ಇನ್ನೂ ಒಂದು ಮಾತು. ಅಧಿಕಾರದ ಅಮಲು ದೆಹಲಿಯಿಂದಲೇ ಬರಬೇಕೆಂದಿಲ್ಲ. ಹಂಪಿ ಎಂದರೆ ನಮ್ಮ ಸಿನಿಮಾಕ್ಕೆ 1970ರ 'ಶ್ರೀಕೃಷ್ಣದೇವರಾಯ' ನೆನಪು. ಅದೇ ಹಂಪಿಯಲ್ಲಿ ಪಟ್ಟದ ಮೇಲಿದ್ದ ಸದಾಶಿವರಾಯನನ್ನು ಹೆಸರಿಗಷ್ಟೇ ರಾಜನನ್ನಾಗಿಸಿ, ಕಾವಲಿನಲ್ಲಿಟ್ಟು ತಾನೇ ಆಳಿದವನು ಅಳಿಯ ರಾಮರಾಯ. 1565ರ ಯುದ್ಧ ಎಲ್ಲರಿಗೂ ಗೊತ್ತು, ಆ ಆಳ್ವಿಕೆಯ ಬಗೆ ಯಾರಿಗೂ ಬೇಕಿಲ್ಲ. ಕಾರ್ನಾಡರು 2018ರಲ್ಲಿ 'ರಾಕ್ಷಸ ತಂಗಡಿ' ಬರೆದದ್ದು ಇವನ ಮೇಲೆಯೇ. ತುಘಲಕ್‌ನನ್ನು ನೋಡುವ ಕಣ್ಣಿನಿಂದಲೇ ರಾಮರಾಯನನ್ನೂ ನೋಡುವ ಧೈರ್ಯ ನಮಗೆ ಬಂದರೆ ಆಗ ಅದು ಐತಿಹಾಸಿಕ ಸಿನಿಮಾ.

ಕಡೆಗೆ, ತುಘಲಕ್ ಮಾಡುವ ನಟನಿಗೆ ಇಬ್ನ್ ಬತೂತ ಬರೆದಿಟ್ಟ ಎರಡು ಸಂಗತಿ ಸಾಕು. ದ್ವಾರಸಮುದ್ರದಿಂದ ಸೆರೆಯಾಗಿ ಬಂದ ಗುರ್ಷಾಸ್ಪ್‌ನ ಚರ್ಮವನ್ನು ಸುಲ್ತಾನ ಜೀವಂತ ಸುಲಿಸಿದ, ಮಾಂಸವನ್ನು ಅನ್ನದ ಜೊತೆ ಬೇಯಿಸಿ ಅವನ ಹೆಂಡತಿ ಮಕ್ಕಳಿಗೇ ಕಳಿಸಿದ. ಕಂಪಿಲರಾಯನ ಸೆರೆಸಿಕ್ಕ ಮಕ್ಕಳು ಮುಸ್ಲಿಮರಾದರು. ಅವರಿಗೆ ಅಮೀರರ ಪದವಿ ಕೊಟ್ಟು ಗೌರವದಿಂದ ಕಂಡ. ಕಾರಣಗಳಲ್ಲಿ ಒಂದು, ಅವರ ತಂದೆ ನಡೆದುಕೊಂಡ ರೀತಿ. ಅಂದರೆ ಕಂಪಿಲರಾಯನ ದೊಡ್ಡತನ ಅವನಿಗೆ ಅರ್ಥವಾಗಿತ್ತು. ಅರ್ಥವಾಗಿದ್ದೂ ಕಂಪ್ಲಿಯನ್ನು ಉಳಿಸಲಿಲ್ಲ. ಕಣ್ಣು ಕೆಂಪಗೆ ಮಾಡಿ ಕಿರುಚಿದರೆ ಈ ಮನುಷ್ಯ ಸಿಗುವುದಿಲ್ಲ. ಅವನನ್ನು ನಮಗೆ ತೋರಿಸಬಲ್ಲ ನಟ ಯಾರಿದ್ದಾರೆ? ಟಿಕೆಟ್ ತೆಗೆದುಕೊಂಡು ಕಾಯಲು ಹೊಸಪೇಟೆ, ಕಂಪ್ಲಿಯ ಹುಡುಗರು ಸಿದ್ಧ.